ಬೊಟ್ಟು

ಮಸ್ಕಿ ಬಸ್ ನಿಲ್ದಾಣದ ಎದುರು, ಝೆರಾಕ್ಸ್ ಅಂಗಡಿಗೆ ಆತು
ಒಂದು ಕಂಪ್ಯೂಟರು, ಎರಡು ಕುರ್ಚಿ, ನಾನು.
ಊರ ಅರ್ಜಿಗಳೆಲ್ಲ ನನ್ನ ಬೆರಳಿನಾಗ ಹಾದು ಹೋಗ್ತಾವ.
ನೀವು ಯಾರೋ, ಯಾವ ಊರಾಗ ಕುಂತು
ಈ ಪುಟ ಮಾಡಿದಿರೋ ಗೊತ್ತಿಲ್ಲ. ನಿಮಗೊಂದು ಮಾತು.

ಬಿಳಿ ಮ್ಯಾಲೆ ಬೂದಿ ಬಣ್ಣದ ಅಕ್ಷರ.
ನಿಮ್ಮ ಕಣ್ಣಿಗೆ ಚಂದ ಕಂಡಿರಬೇಕು.
ನಮ್ಮಲ್ಲಿ ಬಾಗಿಲು ಮುಚ್ಚಂಗಿಲ್ಲ, ಮಧ್ಯಾಹ್ನದ ಬಿಸಲು
ನೇರ ಗಾಜಿಗೇ ಬಡೀತದ:
ಸುಣ್ಣದ ಗೋಡಿಗೆ ಮಜ್ಜಿಗಿಲೆ ಬರೆದಂಗ.
ಅಂಗೈ ಮರೆ ಮಾಡಿ ಬಗ್ಗಿ ಓದ್ತೀನಿ,
ಬಾವ್ಯಾಗ ಬಿದ್ದ ಕೊಡ ಹುಡುಕಿದಂಗ.

ಸೋಮವಾರ ದ್ಯಾವಮ್ಮ ಬಂದಿದ್ದಳು, ವಿಧವಾ ವೇತನಕ್ಕ.
ಮೊದಲ ಹೆಸರು ಅಂತು ಪುಟ. ದ್ಯಾವಮ್ಮ.
ಕೊನೆಯ ಹೆಸರು ಅಂತು, ಕೆಂಪು ಚುಕ್ಕಿ ತೋರಿಸ್ತು.
'ಇರಾದೊಂದೇ ಹೆಸರು, ತಂಗಿ.'
ಅದನ್ನೇ ಮತ್ತೊಮ್ಮೆ ಬರೆದೆ.
ನಿಮ್ಮ ದಫ್ತರದಾಗ ನೋಡ್ರಿ, ಈ ತಾಲೂಕಿನ ತುಂಬ
ಹುಲಿಗೆಮ್ಮ ಹುಲಿಗೆಮ್ಮ, ಯಂಕೋಬ ಯಂಕೋಬ,
ಗುಡ್ಡಕ್ಕ ಕೂಗಿದರ ಮರಳಿ ಬಂದಂಥ ಹೆಸರು.

ನಡುವೆ ಎಲ್ಲೋ ತಪ್ಪಾತು. 'ಅಮಾನ್ಯ' ಅಂತು.
ಯಾವುದು ಅನ್ನಲಿಲ್ಲ.
ನಮ್ಮ ಶಾಲಿ ಮಾಸ್ತರೂ ಹಿಂಗೇ,
ಹೊಡೀತಿದ್ದರು, ಯಾಕಂತ ಹೇಳ್ತಿದ್ದಿಲ್ಲ.
ಓಟಿಪಿ ಹೋಗಿದ್ದು ಮಗನ ಫೋನಿಗೆ,
ಫೋನು ಇದ್ದದ್ದು ಕಾಲುವಿ ಆಚೆ ಗದ್ದ್ಯಾಗ.
ಆ ಗದ್ದ್ಯಾಗ ನಾಟಿ ಹಚ್ಚೋ ಹೆಣ್ಣುಮಕ್ಕಳು
ಸಸಿಗೂ ಸಸಿಗೂ ನಡುವೆ ಗೇಣು ಬಿಡ್ತಾರ;
ಬಿಡದಿದ್ದರ ಕಳೆ ಕೀಳಾಕ ಕಾಲಿಡೋ ಜಾಗ ಇರಂಗಿಲ್ಲ.
ನೀವು ಒಂದು ಬೆರಳಗಲ ಬಿಟ್ಟಿದ್ದರ ಸಾಕಿತ್ತು.

ಯಾಕಂದ್ರ ಪುಟದ ತಳದಾಗ, ಕಟ್ಟಕಡೀಗೆ,
ಸಲ್ಲಿಸು. ಅಳಿಸು.
ಒಂದೇ ಅಳತಿ, ಒಂದೇ ಬಣ್ಣ, ಮೈಗೆ ಮೈ ಹತ್ತಿ,
ನಾಲಿಗಿ ಮ್ಯಾಲೂ ಒಂದೇ ಥರ ಹೊರಳೋ ಮಾತು,
ಅವಳಿ ಹುಡುಗರಿಗೆ ಒಂದೇ ತಾನಿನ ಅಂಗಿ ಹೊಲಿಸಿದಂಗ.
ನಾನು ಕೂಗಿದ್ದು ಬ್ಯಾರೆ ಹುಡುಗನ್ನ.
'ಖರೇನ ಅಳಿಸಲೇನು?' ಅಂತ ಕೇಳಲೂ ಇಲ್ಲ ಅದು.
ಐವತ್ತು ನಿಮಿಷ ಹೋಗಿ ಬಿಳೀ ಪುಟ.

ಇದೇ ಊರ ಗುಡ್ಡದಾಗ ಅರಸ ಬರೆಸಿದ ಕಲ್ಲು ಅದ.
ಎರಡು ಸಾವಿರ ವರ್ಷದ ಮಳಿ, ಬಿಸಲು, ಕುರಿ ಮೈ ತಿಕ್ಕಿದ್ದು,
ಅಕ್ಷರ ಇನ್ನೂ ಅದಾವ.

ದ್ಯಾವಮ್ಮ ಬೈಲಿಲ್ಲ. ಎಲಿ ಅಡಕಿ ಚೀಲ ಬಿಚ್ಚಿದಳು.
'ನಮ್ಮ ಮನ್ಯಾಗ ಎಣ್ಣಿ ಕ್ಯಾನು, ಬೆಳಿಗೆ ಹೊಡಿಯೋ ಔಷಧದ ಕ್ಯಾನು
ಎರಡೂ ನೀಲಿ.
ನನಗ ಅಕ್ಷರ ಬರಂಗಿಲ್ಲ, ಸೊಸಿ ಅವಸರದಾಕಿ.
ಔಷಧದ ಕೊರಳಿಗೆ ಕೆಂಪು ಚಿಂದಿ ಕಟ್ಟೀನಿ,
ಒಲಿ ಕಡೆ ಇಡಂಗಿಲ್ಲ, ಕೊಟ್ಟಿಗ್ಯಾಗ ಎತ್ತರದ ಗೂಟಕ್ಕ.
ಕತ್ತಲಾದರೂ ಕೈಗೆ ಚಿಂದಿ ಹತ್ತತದ.
ಇದಕ್ಕ ಚಿಂದಿ ಇಲ್ಲೇನು, ತಂಗಿ?'

ಪರ್ಸಿನಾಗ ಬೊಟ್ಟಿನ ಹಾಳಿ ಇತ್ತು.
ಪುಟ ತಳಕ್ಕ ಎಳೆದು, ಗಾಜಿನ ಮ್ಯಾಲೆ,
ಅಳಿಸು ನಿಂತ ಕಡೆ
ಒಂದು ಕೆಂಪು ಬೊಟ್ಟು ಹಚ್ಚಿದೆ.
ಮತ್ತ ಮೊದಲಿಂದ: ದ್ಯಾವಮ್ಮ ದ್ಯಾವಮ್ಮ.
ಈ ಸಲ ಆಕೀನೇ ಬೊಟ್ಟು ಮಾಡಿ ತೋರಿಸಿದಳು,
'ಇದಲ್ಲ, ಆ ಕಡೀದು ಒತ್ತು.'
ನಾನು ದುಡ್ಡು ಒಲ್ಲೆ ಅಂದೆ.
ಇಪ್ಪತ್ತು ರೂಪಾಯಿ ಕೀಲಿಮಣಿ ಕೆಳಗ ತುರುಕಿ ಹೋದಳು.

ಬೊಟ್ಟು ಹಂಗೇ ಅದ.
ಬಂದವರು ಕೇಳ್ತಾರ, ಕಂಪ್ಯೂಟರಿಗೂ
ಮುತ್ತೈದಿತನ ಏನವ್ವ, ಅಂತ. ನಗ್ತೀನಿ.

ನಿನ್ನೆ ಬ್ಯಾರೆ ಇಲಾಖೆ ಪುಟ ತೆರೆದೆ, ಪಡಿತರದ್ದು.
ತಳಕ್ಕ ಎಳೆದೆ.
ಬೊಟ್ಟಿನ ಕೆಳಗ, ಸರಿಯಾಗಿ ಅಲ್ಲೇ,
ಸಲ್ಲಿಸು.